ನಮ್ಮೂರಿನಲ್ಲಿ ನಾವು ಎಷ್ಟು ತಲೆಮಾರಿನವರು?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಮನೆದೇವರು ಆಂಧ್ರದ ಕದಿರಿ ನರಸಿಂಹಸ್ವಾಮಿ. ಏಳು ತಲೆಮಾರಿನಿಂದ ಇದೇ ಊರಿನವರು ಎಂದು ತಾತ ಹೇಳುತ್ತಿದ್ದರು. ತಾತನ ತಂದೆಯ ಹೆಸರಿನಿಂದಾಚೆಗೆ ನನಗೆ ಏನೂ ತಿಳಿಯದು. ಎಲ್ಲಿಂದ ಆರಂಭಿಸಬೇಕು? ಎಷ್ಟು ಹಿಂದಕ್ಕೆ ಹೋಗಬಹುದು?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅಲ್ಪಸ್ವಲ್ಪ ಜಮೀನಿದ್ದ ಮನೆತನವಾದರೆ ಕಾಗದದ ಆಧಾರದಲ್ಲಿ ಐದು ತಲೆಮಾರು, ಅದೃಷ್ಟವಿದ್ದರೆ ಆರು. ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ. ಇನಾಮು (ಸೇವೆಗೋ ಗೌರವಕ್ಕೋ ಬಿಟ್ಟ ಜಮೀನು), ಸನ್ನದು (ಅದರ ಸರ್ಕಾರಿ ಪತ್ರ) ಇದ್ದ ಮನೆಗಳವರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ ಏಳು ತಲೆಮಾರಿಗೆ ಹತ್ತಿರ ಹತ್ತಿರ 200 ವರ್ಷವಾಯಿತು. ಏಳು ತಲೆಮಾರು ಎಂದು ಹೇಳದ ಮನೆ ನಮ್ಮ ಕಡೆ ಇಲ್ಲ. ಆರು ಎಂದೋ ಎಂಟು ಎಂದೋ ಹೇಳಿದವರನ್ನು ನಾನಂತೂ ಕಂಡಿಲ್ಲ. ಆದ್ದರಿಂದ ತಾತನ ಮಾತನ್ನು ತಳ್ಳಿಹಾಕಬೇಡಿ, ಹಾಗೆಯೇ ಬರೆದಿಟ್ಟುಕೊಂಡು ಮುಂದೆ ಹೋಗಿ.

ಮೊದಲ ಕೆಲಸ ಮನೆಯೊಳಗೇ ಇದೆ. ಹಿರಿಯರನ್ನು ಕೂರಿಸಿಕೊಂಡು "ನಾವು ಎಲ್ಲಿಂದ ಬಂದೆವು" ಎಂದು ಕೇಳಿದರೆ ಕಥೆ ಸಿಗುತ್ತದೆ. ಅದರ ಬದಲು "ಯಾರ ಮನೆಯಲ್ಲಿ ಸಾವಾದರೆ ನಮಗೆ ಸೂತಕ" ಎಂದು ಕೇಳಿ. ಹೆಸರು ಮರೆತುಹೋದ ಎಷ್ಟೋ ದಾಯಾದಿಗಳನ್ನು ಸೂತಕ ನೆನಪಿಟ್ಟುಕೊಂಡಿರುತ್ತದೆ. ಪಕ್ಕದ ಊರಿನ ಎರಡು ಮನೆಗಳಿಗೂ ನಿಮಗೂ ಸೂತಕವಿದೆ, ಏಕೆಂದು ಯಾರಿಗೂ ಗೊತ್ತಿಲ್ಲ ಎಂದಾದರೆ, ಒಬ್ಬನೇ ಮೂಲಪುರುಷನಿಂದ ಕವಲೊಡೆದ ಮನೆಗಳು ಅವು ಎಂದು ಊಹಿಸಲು ಅಡ್ಡಿಯಿಲ್ಲ. ಆ ಮನೆಗಳ ಅಜ್ಜಿಯರನ್ನು ಬೇಗ ಮಾತನಾಡಿಸಿ. ತಾಲ್ಲೂಕು ಕಚೇರಿ ಮುಂದಿನ ವರ್ಷವೂ ಇರುತ್ತದೆ.

ಎರಡನೆಯದು ಜಮೀನಿನ ದಾಖಲೆ. ಇಂದಿನ ಪಹಣಿಯಲ್ಲಿರುವ ಸರ್ವೆ ನಂಬರು ಹಿಡಿದು ಹಿಂದಕ್ಕೆ ನಡೆಯಬೇಕು. ಭೂಮಿ ತಂತ್ರಾಂಶ ಬರುವುದಕ್ಕೂ ಮೊದಲಿನ ಪಹಣಿಗಳು ಕೈಬರಹದವು. ಅವುಗಳ ಜೊತೆಗೆ ಮ್ಯುಟೇಶನ್ ರಿಜಿಸ್ಟರಿನ, ಅಂದರೆ ಖಾತೆ ಬದಲಾವಣೆಯ ಪುಸ್ತಕದ, ದೃಢೀಕೃತ ನಕಲು ಕೇಳಿ. ವಂಶ ಹುಡುಕುವವರಿಗೆ ಅದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಪೌತಿ ಖಾತೆಯ ನಮೂದು: ಯಾರು ತೀರಿಕೊಂಡರು, ಯಾರ ಯಾರ ಹೆಸರಿಗೆ ಖಾತೆ ಬಂದಿತು, ಅವರು ಸತ್ತವರಿಗೆ ಏನಾಗಬೇಕು. ಅದರ ಹಿಂದೆ ಸ್ವಾತಂತ್ರ್ಯಪೂರ್ವದ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್, ಅದರ ಹಿಂದೆ ಕಂದಾಯವನ್ನು ಮರುನಿಗದಿ ಮಾಡಿದಾಗಿನ ರೀಸೆಟ್ಲ್‌ಮೆಂಟ್ ರಿಜಿಸ್ಟರು. ಮೈಸೂರು ಸಂಸ್ಥಾನದ ರೆವಿನ್ಯೂ ಸರ್ವೆ 1860ರ ದಶಕದಲ್ಲಿ ಆರಂಭವಾಗಿ ತಾಲ್ಲೂಕು ತಾಲ್ಲೂಕಾಗಿ ಸಾಗಿತು. ಎಲ್ಲ ಕಡೆಗೂ ತಲುಪಲು ದಶಕಗಳೇ ಹಿಡಿದವು. ಸಾಮಾನ್ಯ ರೈತನ ಹೆಸರು ಸರ್ಕಾರದ ಪುಸ್ತಕದಲ್ಲಿ ಸರ್ವೆ ನಂಬರಿನ ಎದುರು ಕೂತದ್ದು ಆಗ. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ ಎಂಬುದೂ ನೆನಪಿರಲಿ. ಹಳೆಯ ಕಡತ ಇಲ್ಲಿ ಸಿಗದಿದ್ದರೆ ಕೋಲಾರದಲ್ಲಿ ವಿಚಾರಿಸಿ.

ನೋಂದಣಿ ಕಚೇರಿಯ ಹಳೆಯ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳನ್ನು ಜನ ತಮ್ಮ ಜಮೀನಿನವನ್ನಷ್ಟೇ ತೆಗೆಸುತ್ತಾರೆ. ಅಕ್ಕಪಕ್ಕದ ಜಮೀನಿನವನ್ನೂ ತೆಗೆಸಿ. ಪ್ರತಿ ಪತ್ರದ ಕೊನೆಗೆ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಕೆರೆ ಕಾಲುವೆ, ಪಶ್ಚಿಮಕ್ಕೆ ವೆಂಕಟರಾಯಪ್ಪ ಬಿನ್ ಮುನಿಯಪ್ಪನ ಜಮೀನು, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ನಂಜಮ್ಮ ಕೋಂ ಪಿಳ್ಳಪ್ಪನ ಹೊಲ (ಬಿನ್ ಎಂದರೆ ಇಂಥವನ ಮಗ, ಕೋಂ ಎಂದರೆ ಇಂಥವನ ಹೆಂಡತಿ). ನಿಮ್ಮ ಮುತ್ತಾತ ಜೀವಮಾನದಲ್ಲಿ ಒಂದು ಗುಂಟೆಯನ್ನೂ ಮಾರಿರಲಿಕ್ಕಿಲ್ಲ, ಕೊಂಡಿರಲಿಕ್ಕಿಲ್ಲ. ಆದರೂ ನೆರೆಯವನು ಮಾರಿದ ದಿನ ಇವನ ಹೆಸರೂ ಇವನ ತಂದೆಯ ಹೆಸರೂ ದಿನಾಂಕ ಸಮೇತ ದಾಖಲಾಗಿಬಿಟ್ಟಿರುತ್ತದೆ. ಹೆಂಗಸರ ಹೆಸರು ಸಿಗುವುದೂ ಹೆಚ್ಚಾಗಿ ಇಂಥ ಮೂಲೆಗಳಲ್ಲಿಯೇ. ವಂಶವೃಕ್ಷ ಬರೆದವರು ಅವರನ್ನು ಬಿಟ್ಟುಬಿಟ್ಟರೂ ಚಕ್ಕುಬಂದಿ ಬಿಡಲಾಗುವುದಿಲ್ಲ. ಭಾಗದ ದಾವೆ ನ್ಯಾಯಾಲಯಕ್ಕೆ ಹೋಗಿದ್ದರೆ ನಿಮ್ಮ ಪುಣ್ಯ: ಅಣ್ಣತಮ್ಮಂದಿರು ಜಗಳವಾಡಿದ ಮನೆಯ ವಂಶಾವಳಿ ದಾವೆಯ ಅರ್ಜಿಗೇ ಅಂಟಿಕೊಂಡಿರುತ್ತದೆ.

ಇಲ್ಲೊಂದು ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಪದ್ಧತಿ. ಹಾಗಾಗಿ ಮುನಿಯಪ್ಪ ಬಿನ್ ವೆಂಕಟಪ್ಪ, ವೆಂಕಟಪ್ಪ ಬಿನ್ ಮುನಿಯಪ್ಪ, ಮತ್ತೆ ಮುನಿಯಪ್ಪ ಬಿನ್ ವೆಂಕಟಪ್ಪ ಎಂದು ಸಾಲು ಸಾಗುತ್ತದೆ. ಇಬ್ಬರು ಮುನಿಯಪ್ಪರನ್ನು ಒಬ್ಬನೆಂದು ಬಗೆದರೆ ಐವತ್ತು ಅರವತ್ತು ವರ್ಷ ಒಂದೇ ಏಟಿಗೆ ಮಾಯ. ಹೆಸರಿನ ಪಕ್ಕದಲ್ಲಿ ಪತ್ರದ ತಾರೀಕು, ಗೊತ್ತಿದ್ದರೆ ವಯಸ್ಸು ಬರೆದುಕೊಳ್ಳದೆ ಯಾವ ಹೆಸರನ್ನೂ ಮರಕ್ಕೆ ಏರಿಸಬೇಡಿ.

ಈ ದಾರಿ 1870ರ ದಶಕಕ್ಕೆ ಬಂದು ಕಡಿದುಹೋದರೆ ಆಶ್ಚರ್ಯಪಡಬೇಡಿ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರ ಮಹಾಕ್ಷಾಮ, ಸಂಸ್ಥಾನದ ಪೂರ್ವ ಜಿಲ್ಲೆಗಳನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಸತ್ತವರು ಸತ್ತರು, ಬದುಕಿದವರು ಊರು ಬಿಟ್ಟರು. ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಎಂದು ಬರುವ, ಮನುಷ್ಯರಿಲ್ಲದ ಊರುಗಳ ಹಿಂದೆ ಕ್ಷಾಮ, ಪಿಡುಗು, ಯುದ್ಧಗಳ ಇಂಥ ಕಾರಣಗಳಿವೆ. "ತಲೆತಲಾಂತರದಿಂದ ಇಲ್ಲಿಯವರು" ಎನ್ನುವ ಎಷ್ಟೋ ಮನೆಗಳು ಆ ಬರದ ನಂತರ ಪಾಳುಬಿದ್ದ ಹೊಲವನ್ನು ಹಿಡಿದು ನೆಲೆನಿಂತವು ಇದ್ದಾವು. ಅದರಲ್ಲಿ ಮರ್ಯಾದೆ ಕಡಿಮೆಯಾಗುವಂಥದ್ದು ಏನಿದೆ?

ಕಾಗದ ನಿಂತ ಜಾಗದಿಂದ ಮುಂದಕ್ಕೆ ನಿಮಗಿರುವ ಸುಳಿವು ಮನೆದೇವರು. ಊರು ಬಿಟ್ಟವರು ಮನೆದೇವರನ್ನು ಸುಲಭವಾಗಿ ಬದಲಿಸುವುದಿಲ್ಲ. ಕದಿರಿ ನಿಮ್ಮಿಂದ ದೂರವೇನಲ್ಲ, ಬಾಗೇಪಲ್ಲಿ ದಾಟಿದರೆ ಆ ಸೀಮೆಯೇ. ಆದರೆ ಕದಿರಿ ನರಸಿಂಹ ಆ ಭಾಗದ ಅನೇಕ ಜಾತಿಗಳ ನೂರಾರು ಮನೆತನಗಳಿಗೆ ಮನೆದೇವರು. ಇದರಿಂದ ದಿಕ್ಕು ತಿಳಿಯುತ್ತದೆ, ಊರು ತಿಳಿಯುವುದಿಲ್ಲ. ಅದಕ್ಕೆ ಚಿಕ್ಕ ದೇವರುಗಳನ್ನು ಕೇಳಿ. ಮದುವೆಗೆ ಮುಂಚೆ ಯಾವ ಗ್ರಾಮದೇವತೆಗೆ ಮೀಸಲು ತೆಗೆದಿಡುತ್ತೀರಿ? ನಿಮ್ಮೂರಿನಲ್ಲಿ ಗುಡಿಯೇ ಇಲ್ಲದ ಒಬ್ಬ ಅಮ್ಮನ ಹೆಸರು ಬಂದರೆ ಅವಳ ಗುಡಿ ಇರುವ ಊರನ್ನು ಹುಡುಕಿ. ಇನ್ನೊಂದು ಸಾಧ್ಯತೆಯೂ ಇದೆ: ತೆಲುಗು ಮಾತನಾಡುವ ರೆಡ್ಡಿಗಳು ಮೊದಲಾದ ಸಮುದಾಯಗಳಲ್ಲಿ ಇಲ್ಲಟಂ ಅಳಿಯನನ್ನು ತಂದುಕೊಳ್ಳುವ ರೂಢಿಯಿತ್ತು. ಗಂಡು ಸಂತಾನವಿಲ್ಲದ ಮನೆಗೆ ಬಂದ ಅಳಿಯ ಆಸ್ತಿಗೆ ವಾರಸುದಾರನಾಗುತ್ತಿದ್ದ. ಹಾಗಾಗಿದ್ದರೆ ನಿಮ್ಮ ಮನೆ ಏಳು ತಲೆಮಾರಿನದೂ ಹೌದು, ನಿಮ್ಮ ಗಂಡುಸಾಲು ಮೂರೇ ತಲೆಮಾರಿನದೂ ಹೌದು. ತಾತನೂ ಸುಳ್ಳು ಹೇಳಿದಂತಾಗಲಿಲ್ಲ.

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಪರಿಶಿಷ್ಟ ಜಾತಿಯ ಕುಟುಂಬ. ಮುತ್ತಾತ ಊರಿನ ತೋಟಿಯಾಗಿದ್ದರಂತೆ. ಗೌಡರ ಮನೆಯವರಿಗೆ ವಂಶಾವಳಿ ಇದೆ, ನಮಗೆ ಒಂದು ಚೂರು ಕಾಗದವೂ ಇಲ್ಲ. ನಮ್ಮಂಥವರಿಗೆ ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಕೆಲವೊಮ್ಮೆ ಗೌಡರಿಗಿಂತ ಚೆನ್ನಾಗಿ ಸಿಗುತ್ತದೆ. ತೋಟಿ (ಊರಿನ ಚಾಕರಿಯವನು), ತಳವಾರ (ಕಾವಲುಗಾರ), ನೀರಗಂಟಿ (ಕೆರೆಯ ನೀರು ಬಿಡುವವನು) ಇವು ವಂಶಪಾರಂಪರ್ಯದ ಗ್ರಾಮ ಸೇವೆಗಳು. ಅನೇಕ ಊರುಗಳಲ್ಲಿ ಅವಕ್ಕೆ ಇನಾಂ ಜಮೀನಿತ್ತು. ಸೇವೆ ಯಾರಿಂದ ಯಾರಿಗೆ ಬಂದಿತು ಎಂಬುದು ಸರ್ಕಾರಕ್ಕೆ ಬೇಕಾಗಿದ್ದ ಮಾಹಿತಿ, ಆದ್ದರಿಂದ ಬರೆದಿಡುತ್ತಿದ್ದರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಜಾರಿಗೆ ಬಂದಾಗ ಪಟೇಲ, ಶಾನುಭೋಗರ ಹುದ್ದೆಗಳ ಜೊತೆ ಇವೂ ಹೋದವು, ಇನಾಂ ಜಮೀನುಗಳನ್ನು ಹಿಂದಿನ ಸೇವೆಯವರಿಗೇ ಮರುಮಂಜೂರು ಮಾಡುವ ಅವಕಾಶ ಬಂದಿತು. ಮರುಮಂಜೂರಾತಿ ಕೇಳಿದವರು ತಾವು ಯಾರ ಮೊಮ್ಮಕ್ಕಳು ಎಂದು ತೋರಿಸಬೇಕಿತ್ತು. ನಿಮಗೆ ಬೇಕಾದ ಕಡತ ಅದು. ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಡುವಾಗ "ನಮ್ಮ ವಂಶದ ದಾಖಲೆ" ಎಂದು ಬರೆದರೆ ಇಲ್ಲ ಎಂಬ ಹಿಂಬರಹ ಬರುತ್ತದೆ. ಗ್ರಾಮದ ಹೆಸರು, ತೋಟಿ ಇನಾಂ, ಸರ್ವೆ ನಂಬರು, ಮರುಮಂಜೂರಾತಿ ಎಂದು ಹೆಸರಿಸಿ ಕೇಳಿ. ಸುಮ್ಮನೆ ಓಡಾಡಿಸಿದರೆ ಮಾಹಿತಿ ಹಕ್ಕಿನಲ್ಲಿ ಹಾಕಿ, 30 ದಿನಗಳಲ್ಲಿ ಉತ್ತರ ಕೊಡಬೇಕು.

ಇನಾಂ ಇಲ್ಲದೆ ಗೇಣಿಗೆ ಉಳುತ್ತಿದ್ದರೆ, 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿಯನ್ನು ಹುಡುಕಿ. ಆ ಕಡತಗಳಲ್ಲಿ ಗೇಣಿದಾರರ ಹೇಳಿಕೆಗಳಿರುತ್ತವೆ. "ನಮ್ಮ ತಂದೆಯ ಕಾಲದಿಂದ, ಅವರ ತಂದೆಯ ಕಾಲದಿಂದ ನಾವೇ ಉಳುತ್ತಿದ್ದೇವೆ" ಎಂಬ ಧಾಟಿಯ ಮಾತು, ಕೆಳಗೆ ಹೆಬ್ಬೆಟ್ಟು. ದರಖಾಸ್ತು, ಅಂದರೆ ಸರ್ಕಾರದಿಂದ ಮಂಜೂರಾದ, ಜಮೀನಾದರೆ ಸಾಗುವಳಿ ಚೀಟಿ ಹುಡುಕಿ. ಊರಿನ ಹಳೆಯ ಶಾಲೆಯ ದಾಖಲಾತಿ ಪುಸ್ತಕವನ್ನೂ ನೋಡಿ, ಆದರೆ ಅಲ್ಲಿನ ಜನ್ಮದಿನಾಂಕವನ್ನು ನಂಬಬೇಡಿ. ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ ಒಂದರ ಹುಟ್ಟುಹಬ್ಬಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಹಳೆಯ ಕಾಗದದಲ್ಲಿ ನಿಮ್ಮ ತಾಲ್ಲೂಕು ಮದ್ದಗಿರಿ ಎಂದಿರುತ್ತದೆ. ಹಾಗೆಯೇ ಶ್ರೀನಿವಾಸಪುರದ ಕಡೆಯವರು ಪಾಪನಪಲ್ಲಿ ಎಂಬ ಹೆಸರನ್ನು ಗಮನಿಸಬೇಕು. ದಿವಾನ್ ಪೂರ್ಣಯ್ಯನವರು ಮಗನ ಹೆಸರಿನಲ್ಲಿ ಶ್ರೀನಿವಾಸಪುರ ಎಂದು ಕರೆಯುವ ಮೊದಲು ಅದು ಪಾಪನಪಲ್ಲಿಯೇ.

ಪ್ರಶ್ನೆ: ಮಾಲೂರು ತಾಲ್ಲೂಕಿನ ನಮ್ಮೂರಿನಲ್ಲಿ ಗಂಗರ ಕಾಲದ್ದು ಎನ್ನುವ ವೀರಗಲ್ಲು ಇದೆ. ಅದರಲ್ಲಿ ಒಬ್ಬ ಗಾವುಂಡನ ಹೆಸರಿದೆ. ನಾವೂ ಊರ ಗೌಡರು. ನಮ್ಮ ಮನೆತನ ಸಾವಿರ ವರ್ಷ ಹಳೆಯದು ಎನ್ನಬಹುದೇ?

ಉತ್ತರ: ಊರು ಸಾವಿರ ವರ್ಷದ್ದು ಎನ್ನಬಹುದು. ಊರಿನ ವಯಸ್ಸನ್ನು ಮನೆತನದ ಲೆಕ್ಕಕ್ಕೆ ಜಮೆ ಮಾಡಿಕೊಳ್ಳುವುದು ಈ ಹುಡುಕಾಟದ ದೊಡ್ಡ ಚಟ. ಆ ಗಾವುಂಡನಿಗೂ ನಿಮಗೂ ನಡುವೆ ಮೂವತ್ತೈದು ನಲವತ್ತು ತಲೆಮಾರು; ಚೋಳರು, ಹೊಯ್ಸಳರು, ವಿಜಯನಗರ, ಸುಗಟೂರಿನ ಪಾಳೆಯಗಾರರು, ಬಿಜಾಪುರ, ಮರಾಠರು, ಹೈದರ್ ಎಲ್ಲರೂ ಆ ನಡುವೆ ಬಂದುಹೋಗಿದ್ದಾರೆ. ಗೌಡಿಕೆ ಕೈ ಬದಲಾಗಲು ಇವರಲ್ಲಿ ಒಬ್ಬರು ಸಾಕು.

ಆದರೂ ಶಾಸನ ಓದಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ (1905) ಕೋಲಾರದ್ದು, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನಗಳೂ ಅದರಲ್ಲಿಯೇ ಇವೆ. 12ನೆಯದು (1904) ತುಮಕೂರಿನದು. ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ವೀರಗಲ್ಲಿಗಿಂತ ನಿಮಗೆ ಉಪಯೋಗಕ್ಕೆ ಬರಬಹುದಾದದ್ದು ಕೆರೆಯ ಶಾಸನಗಳು. ಕೆರೆ ಕಟ್ಟಿಸಿದವರಿಗೆ, ಜೀರ್ಣೋದ್ಧಾರ ಮಾಡಿದವರಿಗೆ ದಸವಂದ, ಕಟ್ಟುಕೊಡಗೆ ಎಂದು ಜಮೀನು ಬಿಡುತ್ತಿದ್ದರು, ಅದು ಮಕ್ಕಳು ಮೊಮ್ಮಕ್ಕಳಿಗೆ ಸಾಗಿ ಮೈಸೂರು ಸರ್ಕಾರದ ಇನಾಂ ದಾಖಲೆಗಳವರೆಗೂ ಬಂದಿರುವುದುಂಟು. ನಿಮ್ಮ ಮನೆಯ ಜಮೀನಿನಲ್ಲಿ ಕಟ್ಟುಕೊಡಗೆ ಎಂಬ ಹೆಸರಿನದು ಇದೆಯೇ ನೋಡಿ. ಇದ್ದರೆ ಮತ್ತೆ ಬರೆಯಿರಿ, ಆಗ ಮಾತನಾಡುವುದು ಬಹಳವಿದೆ.

ಪ್ರಶ್ನೆ: ಶಿರಾ ಕಡೆಯ ನಮ್ಮ ಹಳ್ಳಿಗೆ ಹೆಳವರು ಬಂದು ವಂಶ ಹೊಗಳಿ ಹೋಗುತ್ತಾರೆ. ಅವರ ಮಾತನ್ನು ದಾಖಲೆ ಎಂದು ಪರಿಗಣಿಸಬಹುದೇ?

ಉತ್ತರ: ಈಚಿನ ನಾಲ್ಕೈದು ತಲೆಮಾರಿನ ಮಟ್ಟಿಗೆ ಧಾರಾಳವಾಗಿ. ಹುಟ್ಟಿದವರನ್ನು ಸೇರಿಸಿಕೊಂಡು, ದವಸ ಕಾಣಿಕೆ ಪಡೆದು ಹೋಗುವುದು ಅವರ ವೃತ್ತಿ; ತಪ್ಪು ಹೇಳಿದರೆ ಮನೆಯವರೇ ತಿದ್ದುತ್ತಾರೆ. ಅದಕ್ಕೂ ಹಿಂದಿನದು ಹೊಗಳಿಕೆಯ ಕಡೆಗೆ ವಾಲುತ್ತದೆ, ಅಲ್ಲಿ ಎಲ್ಲರೂ ಶೂರರೇ. ಆದರೆ ಯಾವ ಊರಿನಿಂದ ಬಂದಿರಿ, ನಡುವೆ ಎಲ್ಲೆಲ್ಲಿ ನಿಂತಿರಿ, ಬೆಡಗು (ಕುಲದೊಳಗಿನ ಕವಲು) ಯಾವುದು ಎಂಬ ಮಾತುಗಳನ್ನು ಹಗುರವಾಗಿ ಕಾಣಬೇಡಿ. ಅವರು ಹೇಳುವಾಗ ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ, ಪುಸ್ತಕವಿದ್ದರೆ ಒಪ್ಪಿಗೆ ಕೇಳಿ ಚಿತ್ರ ತೆಗೆದುಕೊಳ್ಳಿ. ಕೊಡುವುದನ್ನು ಕೈಬಿಚ್ಚಿ ಕೊಡಿ.

ಪ್ರಶ್ನೆ: ತುಮಕೂರಿನ ನಮ್ಮ ಹಳೆಯ ಮನೆಯ ಪೆಟ್ಟಿಗೆಯಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ, ಓದಲಾಗದ ಲಿಪಿಯ ಕೆಲವು ಹಾಳೆ, "ಯುವ ಸಂವತ್ಸರ" ಎಂದಿರುವ ಒಂದು ಪತ್ರ ಸಿಕ್ಕಿವೆ. ಪೂರ್ವಜರು ಶಾನುಭೋಗರು. ಏನು ಮಾಡಲಿ?

ಉತ್ತರ: ಮೊದಲು ಏನನ್ನೂ ಒರೆಸಬೇಡಿ. ಕಪ್ಪು ಪುಸ್ತಕ ಕಡತ: ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು, ಮೇಲೆ ಬಳಪದಲ್ಲಿ ಬರೆದದ್ದು. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ಸಾಧನ ಅದು, ಒದ್ದೆ ಕೈ ತಾಗಿದರೂ ಅಕ್ಷರ ಹೋಗುತ್ತದೆ. ನೆರಳಿನಲ್ಲಿ ಹರಡಿ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ಪ್ರತಿ ಮಡಿಕೆಯ ಚಿತ್ರ ತೆಗೆಯಿರಿ. ಓದಲಾಗದ ಲಿಪಿ ಮೋಡಿ, ಅಂದರೆ ಮರಾಠಿಯ ಓಡುಬರಹ, ಇರಬಹುದು. ಮರಾಠರ ಕಾಲದಿಂದ ಲೆಕ್ಕಪತ್ರಗಳಿಗೆ ಅದು ಈ ಸೀಮೆಯಲ್ಲಿ ಬಳಕೆಯಲ್ಲಿತ್ತು. ಬಲದಿಂದ ಎಡಕ್ಕೆ ಬರೆದಂತಿದ್ದರೆ ಪಾರ್ಸಿ (ಪರ್ಷಿಯನ್). ಶಿರಾ 1687ರಿಂದ 1757ರವರೆಗೆ ಮೊಗಲರ ಸುಬಾದ (ಪ್ರಾಂತ್ಯದ) ಕೇಂದ್ರವಾಗಿತ್ತಲ್ಲವೇ? ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ವಿಚಾರಿಸಿ.

ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಯುವ ಎಂದರೆ 1815, 1875 ಅಥವಾ 1935ರಲ್ಲಿ ಆರಂಭವಾದ ವರ್ಷ. ಶಕವರ್ಷ ಕೊಟ್ಟಿದ್ದರೆ ಅದಕ್ಕೆ 78 ಸೇರಿಸಿ, ಕೆಲಸ ಮುಗಿಯಿತು. ಕೊಡದಿದ್ದರೆ ಹಣದ ಲೆಕ್ಕ ನೋಡಿ: ಕಂಠೀರಾಯಿ ವರಹ, ಹಣ ಎಂದಿದ್ದರೆ 1815ರ ಕಡೆಗೆ, ರೂಪಾಯಿ ಆಣೆ ಎಂದಿದ್ದರೆ ಈಚಿನವುಗಳ ಕಡೆಗೆ. ಸಾಕ್ಷಿಗಳ ಹೆಸರುಗಳಲ್ಲಿ ಒಬ್ಬರಾದರೂ ಬೇರೆ ದಾಖಲೆಯಲ್ಲಿ ಸಿಕ್ಕರೆ ಅನುಮಾನ ಪೂರ್ತಿ ಹೋಗುತ್ತದೆ.

ಪ್ರಶ್ನೆ: ನನ್ನ ಹೆಸರಿನ ಮೊದಲ ಅಕ್ಷರ ನಾವು ಎಂದೂ ನೋಡದ ಒಂದು ಊರಿನದು. ನಮ್ಮ ಮೂಲ ಅದೇ ಎನ್ನಬಹುದೇ? (ಮುಳಬಾಗಿಲು)

ಉತ್ತರ: ಮೂಲವೋ ನಡುವಿನ ತಂಗುದಾಣವೋ ಹೇಳಲಾಗದು, ಆದರೆ ಒಂದು ಕಾಲದಲ್ಲಿ ಅಲ್ಲಿದ್ದಿರಿ ಎನ್ನಲು ಒಳ್ಳೆಯ ಸಾಕ್ಷಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನ ಮೋಕ್ಷಗುಂಡಂ ಇಂದಿನ ಆಂಧ್ರಪ್ರದೇಶದ ಊರು. ನಿಮ್ಮೂರಿನಲ್ಲೇ ಹುಟ್ಟಿದ ಡಿ.ವಿ. ಗುಂಡಪ್ಪನವರ "ಡಿ" ದೇವನಹಳ್ಳಿಯದು. ಆ ಊರಿಗೆ ಒಮ್ಮೆ ಹೋಗಿ, ನಿಮ್ಮ ಮನೆದೇವರ ಗುಡಿಯ ಪೂಜಾರಿಯನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಕಂಡು ಬನ್ನಿ. ಹೋಗುವಾಗ ಮುತ್ತಾತನ ಹೆಸರನ್ನು ಅವರ ತಂದೆಯ ಹೆಸರಿನ ಸಮೇತ ಬರೆದುಕೊಂಡು ಹೋಗಿ. ಬರೀ ಕುಲದ ಹೆಸರು ಹೇಳಿದರೆ ಊರಿನ ಅರ್ಧ ಜನ ನೆಂಟರೆಂದು ಊಟಕ್ಕೆ ಕರೆಯುತ್ತಾರೆ, ದಾಖಲೆ ಮಾತ್ರ ಸಿಗುವುದಿಲ್ಲ.