ನೈಟ್ರೇಟ್ ಸೊನ್ನೆ ತೋರಿಸಿದರೂ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ ಪಾಚಿ ಏಕೆ ಬೆಳೆಯುತ್ತದೆ?

ಪರೀಕ್ಷೆಯಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬಂದು, ಬಂಡೆಯ ಮೇಲೆ ಮಾತ್ರ ಹಸಿರು ಕೂದಲಿನಂಥ ಪಾಚಿ ಹಬ್ಬಿದೆಯೆಂದರೆ, ನೀರಿಗೆ ಸೇರುವ ಪೋಷಕಾಂಶವನ್ನು ಪಾಚಿಯೇ ಆಗಿಂದಾಗ್ಗೆ ಹೀರಿಕೊಳ್ಳುತ್ತಿರಬಹುದು. ಅದನ್ನು ಕೈಯಿಂದ ಕಿತ್ತು ಹೊರಹಾಕಿದ ಮೇಲೆ ಮತ್ತೆ ಅಳೆಯಿರಿ. ಗುರಿ ಸೊನ್ನೆಯಲ್ಲ, ಲೀಟರಿಗೆ ನೈಟ್ರೇಟ್ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇರಲಿ. ಎರಡನ್ನೂ ಪೂರ್ತಿ ಬತ್ತಿಸಿದರೆ ಹವಳ ಬಿಳಿಚಿಕೊಳ್ಳುವುದಲ್ಲದೆ, ಗುಳ್ಳೆಗಳು ಸಿಕ್ಕಿಕೊಂಡ ಕಂದು ಲೋಳೆಯಾಗಿ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಹಬ್ಬಬಹುದು. ನನ್ನ ಲೆಕ್ಕದಲ್ಲಿ ಅದು ಪಾಚಿಗಿಂತ ದೊಡ್ಡ ಪೀಡೆ. ಬೆಂಗಳೂರಿನ ಅನೇಕ ಮನೆಗಳ ಸಂಪಿನಲ್ಲಿ ಕಾವೇರಿಯ ಜೊತೆ ಬೋರ್‌ವೆಲ್ ನೀರೂ ಬೆರೆಯುವುದರಿಂದ ತೊಟ್ಟಿಗೆ ಹಾಕುವ ನೀರಿಗೆ ಆರ್‌ಓ (ಪೊರೆಯ ಮೂಲಕ ಸೋಸುವುದು) ನಂತರ ಡಿಐ (ಉಳಿದ ಲವಣಾಂಶವನ್ನು ರಾಳದಿಂದ ತೆಗೆಯುವುದು) ಹಂತವೂ ಬೇಕು, ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಅಡುಗೆಮನೆಯ ಆರ್‌ಓ ಸಾಲದು. ಅವುಗಳಲ್ಲಿ ಹಲವು ರುಚಿಗಾಗಿ ಲವಣವನ್ನು ಮರಳಿ ಬೆರೆಸುತ್ತವೆ. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳನ್ನು ಹಾಕುವುದಾದರೆ ಸ್ವಲ್ಪಸ್ವಲ್ಪವೇ ಹಾಕಿ.