ನಾಲ್ಕು ಗಂಟೆ ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ

ಸಲಹೆ ಕೇಳಿ ನನ್ನ ಹತ್ತಿರ ಬಂದ ಹುಡುಗಿ ಸೆಕೆಂಡ್ ಪಿಯುಸಿ, ಸೈನ್ಸ್. ಊರು ಆಲೂರು ತಾಲ್ಲೂಕು, ಹಾಸನದಲ್ಲಿ ಪಿಜಿಯಲ್ಲಿದ್ದುಕೊಂಡು ಓದುತ್ತಾಳೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ರಾತ್ರಿ ನಾಲ್ಕು ಗಂಟೆ ಕೂರುತ್ತಾಳೆ, ಬೆಳಗ್ಗೆ ಕೇಳಿದರೆ ಏನೂ ನೆನಪಿಲ್ಲ. ನೆನಪಿನ ಶಕ್ತಿ ಕಮ್ಮಿಯಾಗಿದೆ ಅಂತ ಅಮ್ಮ ಒಂದೆಲಗದ ಚಟ್ನಿ ಶುರು ಮಾಡಿದ್ದರು. ರುಚಿಯಾಗಿರುತ್ತೆ, ತಿನ್ನಲಿ ಬಿಡಿ.

ನನ್ನೆದುರೇ ಫಿಸಿಕ್ಸ್ ಪುಸ್ತಕ ತೆಗೆದು ಎರಡು ವಿದ್ಯುದಾವೇಶಗಳ ನಡುವಿನ ಬಲ ಹೇಳುವ ಕೂಲಂಬ್ ನಿಯಮದ ಪುಟ ಓದಲು ಹೇಳಿದೆ, ಮೊಬೈಲ್ ಪಕ್ಕದಲ್ಲೇ ಇರಲಿ ಎಂದೆ. ಅರ್ಧ ಪುಟಕ್ಕೆ ಕ್ಲಾಸ್ ಗ್ರೂಪಿನ ಮೆಸೇಜ್ ಬಂತು, ನೋಡಿ ಇಟ್ಟಳು. ಆಮೇಲೆ ಏನೂ ಬರದಿದ್ದರೂ ಹೆಬ್ಬೆರಳು ಹೋಗಿ ಸ್ಕ್ರೀನ್ ಮುಟ್ಟಿತು. ಟೈಮ್ ನೋಡಿದೆ ಅಂದಳು, ಎದುರಿಗೇ ಗೋಡೆ ಗಡಿಯಾರ ಇತ್ತು! ಪುಸ್ತಕ ಮುಚ್ಚಿಸಿ ಕೇಳಿದರೆ ಸೂತ್ರ ಸರಾಗವಾಗಿ ಬಂತು, ದೂರ ಎರಡು ಪಟ್ಟಾದರೆ ಬಲ ಎಷ್ಟಾಗುತ್ತೆ ಅಂದರೆ ಸುಮ್ಮನಾದಳು.

ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಓದು, ಚಾಟ್ ಎರಡನ್ನೂ ಮಿದುಳು ಒಟ್ಟಿಗೆ ಮಾಡಲ್ಲ, ಅಲ್ಲಿಂದ ಇಲ್ಲಿಗೆ ಹಾರುತ್ತಿರುತ್ತೆ, ಮತ್ತೆ ಪುಸ್ತಕಕ್ಕೆ ಬಂದರೂ ಗಮನದ ಒಂದು ಪಾಲು ಬಿಟ್ಟು ಬಂದ ಕಡೆಯೇ ಉಳಿದಿರುತ್ತೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದು ಇದನ್ನೇ. ಗಮನ ಹಂಚಿಕೊಂಡು ಕಲಿತದ್ದನ್ನು ಹೊಸ ಪ್ರಶ್ನೆಗೆ ಬಳಸುವುದು ಕಷ್ಟ ಅಂತ ಫೋರ್ಡೆ ಮತ್ತು ಜೊತೆಗಾರರ 2006ರ ಅಧ್ಯಯನವೂ ಹೇಳುತ್ತದೆ.

ಅಪ್ಪ ಫೋನ್ ಕಿತ್ತಿಡುತ್ತೇನೆ ಅಂದರು. ಆಗದ ಮಾತು. ನೋಟ್ಸ್ ಬರುವುದೇ ವಾಟ್ಸಾಪಿನಲ್ಲಿ. ಜೊತೆಗೆ ಅವರ ತೋಟದ ದಾರಿಯಲ್ಲಿ ಆನೆ ಕಾಟ, ಅಪ್ಪ ಮನೆ ಸೇರಿದ್ದು ಗೊತ್ತಾಗುವ ತನಕ ಅವಳಿಗೆ ಫೋನ್ ಬಿಡಲು ಮನಸ್ಸಾಗಲ್ಲ. ಆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಮೊದಲ ಸಲಹೆ ಅಪ್ಪನಿಗೇ ಕೊಟ್ಟೆ: ಮನೆ ಸೇರಿದ ಕೂಡಲೇ ಒಂದು ಕಾಲ್ ಮಾಡಿ.

ಅದಾದ ಮೇಲೆ ಅವಳ ಫೋನ್ ಡು ನಾಟ್ ಡಿಸ್ಟರ್ಬ್‌ಗೆ. ಮನೆಯ ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಇಬ್ಬರೂ ಕೂತು ಸೆಟ್ ಮಾಡಿದೆವು. ಫೋನ್ ಇರಬೇಕಾದ್ದು ಕೋಣೆಯ ಆ ಬದಿಯ ಕಪಾಟಿನಲ್ಲಿ, ದಿಂಬಿನಡಿ ಅಲ್ಲ. ವಾಟ್ಸಾಪ್ ನೋಟ್ಸ್ ಸಂಜೆಯೇ ಬರೆದುಕೊಳ್ಳಬೇಕು. ಇಪ್ಪತ್ತೈದು ನಿಮಿಷ ಒಂದೇ ವಿಷಯ, ಆಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಖಾಲಿ ಹಾಳೆಯಲ್ಲಿ ಬರೆಯಬೇಕು. ನನ್ನ ಮಟ್ಟಿಗೆ ಇದೇ ಮುಖ್ಯ, ಓದಿದ್ದು ಎಷ್ಟು ಉಳಿದಿದೆ ಅಂತ ಅಲ್ಲೇ ಗೊತ್ತಾಗುತ್ತೆ. ನಾಲ್ಕು ಗಂಟೆ ಬೇಡ, ಎರಡು ಸಾಕು ಅಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

ಈಗ ಫಿಸಿಕ್ಸ್ ಲೆಕ್ಕ ತಾನೇ ಬಿಡಿಸುತ್ತಾಳೆ. ಕೆಮಿಸ್ಟ್ರಿ ಇನ್ನೂ ಕುಂಟುತ್ತಿದೆ. ರೀಲ್ಸ್ ಪೂರ್ತಿ ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಿಲ್ಲ. ಇನ್ನು ಅಮ್ಮನ ಹತ್ತಿರ ಮಾತಾಡಬೇಕು, ಓದುವ ಹೊತ್ತಿಗೆ ಸರಿಯಾಗಿ ‘ಊಟ ಆಯ್ತಾ’ ಅಂತ ವಿಡಿಯೋ ಕಾಲ್ ಮಾಡುವುದು ಅವರೇ.