ಮಗನ ಎಡಿಎಚ್‌ಡಿ ವಿಷಯ ಟೀಚರ್‌ಗೆ ಹೇಳದೆ ಮನೆಯಲ್ಲೇ ನಿಭಾಯಿಸುವುದು ಹೇಗೆ?

"ಹೇಳಿದರೆ ಮಗುವಿಗೆ ಹಣೆಪಟ್ಟಿ ಅಂಟಿಬಿಡುತ್ತೆ" ಅಂತ ಬರೆದಿದ್ದೀರಲ್ಲ, ಎಂಟು ವರ್ಷದ ಹಿಂದೆ ನಾನೂ ನನ್ನ ಗಂಡನಿಗೆ ಇದೇ ಮಾತು ಹೇಳಿದ್ದೆ. ಮಗ ಆಗ ಮೂರನೇ ಕ್ಲಾಸು. ಅವನಿಗೂ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ.

ಡಾಕ್ಟರ್ ನಮಗೆ ಮಗನ ನಡವಳಿಕೆ ಬಗ್ಗೆ ಎರಡು ಫಾರ್ಮ್ ಕೊಟ್ಟಿದ್ದರು. ಒಂದು ಅಪ್ಪ ಅಮ್ಮ ತುಂಬುವುದು, ಇನ್ನೊಂದು ಕ್ಲಾಸ್ ಟೀಚರ್ ತುಂಬುವುದು. ಎರಡನೆಯದನ್ನು ನಾನು ಟ್ಯೂಷನ್ ಮಿಸ್ ಹತ್ತಿರ ತುಂಬಿಸಿದೆ. ಸ್ಕೂಲಿಗೆ ಗೊತ್ತಾಗಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಶುರುವಾಯಿತು. ಮೂರು ವಾರ ಬಿಟ್ಟು ಬನ್ನಿ, ಬರುವಾಗ ಕ್ಲಾಸ್ ಟೀಚರ್ ಹತ್ತಿರ ಇನ್ನೊಂದು ಫಾರ್ಮ್ ತುಂಬಿಸಿಕೊಂಡು ಬನ್ನಿ ಅಂದರು. ಆ ಫಾರ್ಮ್ ನಾಲ್ಕು ಮಡಿಕೆಯಾಗಿ ನನ್ನ ಬ್ಯಾಗಿನಲ್ಲೇ ಉಳಿಯಿತು.

ನಾನು ಮಾಡಿದ ತಪ್ಪು ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ಅದು ತಪ್ಪು ಅಂತಲೇ ನನಗೆ ಅನಿಸಿರಲಿಲ್ಲ. ಅವನಿಗೆ ಕೊಡುತ್ತಿದ್ದದ್ದು ಕಡಿಮೆ ಹೊತ್ತು ಕೆಲಸ ಮಾಡುವ ಮಾತ್ರೆ, ಸುಮಾರು 4 ಗಂಟೆ ಅಷ್ಟೆ. ಬೆಳಗ್ಗೆ ತಿಂಡಿ ಜೊತೆ ಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದರ ಪ್ರಭಾವ ಇಳಿದಿರುತ್ತದೆ. ಕೆಲವು ಮಕ್ಕಳಿಗೆ ಔಷಧ ಇಳಿಯುವ ಹೊತ್ತಿನಲ್ಲಿ ಸಿಡಿಮಿಡಿ ಇನ್ನೂ ಜಾಸ್ತಿಯಾಗುತ್ತದೆ. ಅಂದರೆ ಔಷಧ ಕೆಲಸ ಮಾಡುವ ಹೊತ್ತಿಡೀ ಮಗ ಟೀಚರ್ ಕಣ್ಣೆದುರು ಇರುತ್ತಿದ್ದ. ನನ್ನ ಕೈಗೆ ಸಿಗುತ್ತಿದ್ದದ್ದು ಸಂಜೆಯ ಮಗ. ಚಪ್ಪಲಿ ಎಸೆಯುವ, ಅಳುವ, ಹೋಂವರ್ಕ್ ಪುಸ್ತಕ ತೆಗೆದರೆ ಮೇಜಿನ ಕೆಳಗೆ ಹೋಗಿ ಕೂರುವ ಮಗ. ಮೂರು ವಾರ ನೋಡಿದೆ. ಇದರಿಂದ ಏನೂ ಉಪಯೋಗವಿಲ್ಲ, ಇನ್ನೂ ಹಾಳಾಗುತ್ತಿದ್ದಾನೆ ಅಂತ ನನ್ನಷ್ಟಕ್ಕೆ ನಾನೇ ಮಾತ್ರೆ ನಿಲ್ಲಿಸಿದೆ. ಡಾಕ್ಟರ್ ಹತ್ತಿರ ಮತ್ತೆ ಹೋಗಲೂ ಇಲ್ಲ.

ವರ್ಷ ಮುಗಿದ ಮೇಲೆ ಹಳೇ ನೋಟ್‌ಬುಕ್‌ಗಳನ್ನು ಕಟ್ಟಿಡುವಾಗ ಅವನ ಸಮಾಜ ವಿಜ್ಞಾನದ ನೋಟ್ಸ್ ಕೈಗೆ ಬಂತು. ಮೊದಲ ಪುಟಗಳಲ್ಲಿ ಎರಡು ಸಾಲು ಬರೆದು ಬಿಟ್ಟಿದ್ದಾನೆ, ಉಳಿದದ್ದು ಖಾಲಿ. ಆಮೇಲೆ ಇದ್ದಕ್ಕಿದ್ದಂತೆ ಪುಟ ತುಂಬಾ ಬರಹ. ಮೇಲೆ ತಾರೀಕು, ಶೀರ್ಷಿಕೆ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ. ತಾರೀಕು ನೋಡಿದೆ. ಅದೇ ಮೂರು ವಾರ. ಅದು ಮುಗಿದ ಮೇಲೆ ಮತ್ತೆ ಅರ್ಧ ಸಾಲು, ಮತ್ತೆ ಖಾಲಿ. ಅಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಚೆನ್ನಾಗಿ ಬರೆಯುತ್ತಿದ್ದೆಯಲ್ಲ, ಈಗೇನಾಯಿತು?"

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಎಂಟು ವರ್ಷದ ಮಗು ಏನಂತ ಹೇಳೀತು? ಆ ಮೂರು ವಾರವೇ ಅವನ ಮೇಲೆ ಆರೋಪವಾಯಿತು. "ಇವನಿಗೆ ಬರುತ್ತೆ, ಮನಸ್ಸಿಲ್ಲ ಅಷ್ಟೆ" ಅಂತ ಟೀಚರ್ ತೀರ್ಮಾನಿಸಿದರು. ಬರೆದು ಮುಗಿಸಲಿ ಅಂತ ಆಟದ ಬಿಡುವಿನಲ್ಲೂ ಕೂರಿಸಿದರು. ಅವರದೇನೂ ತಪ್ಪಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದರು. ಕಾಣದ ಅರ್ಧವನ್ನು ಮುಚ್ಚಿಟ್ಟವಳು ನಾನು. ಆ ವರ್ಷದ ಕೊನೆಗೆ ಅವನು "ನಾನು ದಡ್ಡ ಅಲ್ವಾ ಅಮ್ಮ" ಅಂತ ಕೇಳಲು ಶುರುಮಾಡಿದ್ದ.

ಹಾಗಾಗಿ "ಮನೆಯಲ್ಲೇ ನಿಭಾಯಿಸುವುದು ಹೇಗೆ" ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗೆ ನಿಭಾಯಿಸಲು ಆಗುವುದಿಲ್ಲ. ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಅನ್ನುವ ಕೈಪಿಡಿಯ ಪ್ರಕಾರ ಕೂಡ ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಮತ್ತು ಎರಡು ಅಥವಾ ಹೆಚ್ಚು ಕಡೆ ಕಾಣಿಸಬೇಕು. ಮನೆಯಲ್ಲಿ ಮಾತ್ರ ಇರುವ ತೊಂದರೆ ಅಲ್ಲ ಇದು. ಇನ್ನು ಹಣೆಪಟ್ಟಿ. ಅದು ಈಗಾಗಲೇ ಅಂಟಿದೆ. ಸೋಮಾರಿ, ತಂಟೆಕೋರ, ಹೇಳಿದ ಮಾತು ಕೇಳದವನು. ಇದಕ್ಕಿಂತ ನಿಜವಾದ ಹೆಸರೇ ವಾಸಿ.

ನಾಲ್ಕನೇ ಕ್ಲಾಸಿಗೆ ಬೇರೆ ಟೀಚರ್ ಬಂದರು. ಮೊದಲ ವಾರವೇ ಹೋಗಿ ಆ ನೋಟ್‌ಬುಕ್ ಅವರ ಮುಂದಿಟ್ಟೆ. ಡಾಕ್ಟರ್ ನನಗೆ ಹೇಳಿದ್ದನ್ನು ಅವರಿಗೂ ಹೇಳಿದೆ: 2007ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಮೆದುಳಿನ ಸ್ಕ್ಯಾನ್ ಹೋಲಿಸಿ ನೋಡಿದ್ದರು. ಮೆದುಳಿನ ಹೊರಪದರದ ಅರ್ಧದಷ್ಟು ಭಾಗ ಪೂರ್ತಿ ದಪ್ಪಕ್ಕೆ ಬರುವುದು ಬೇರೆ ಮಕ್ಕಳಲ್ಲಿ ಸುಮಾರು 7.5 ವರ್ಷಕ್ಕೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು 10.5 ವರ್ಷಕ್ಕೆ. ಅಂದರೆ ಸುಮಾರು ಮೂರು ವರ್ಷ ತಡವಾಗಿ. ಟೀಚರ್ ಸುಮ್ಮನೆ ಕೇಳಿಸಿಕೊಂಡು, "ಸರಿ, ನಾವಿಬ್ಬರೂ ಏನು ಮಾಡೋಣ ಹೇಳಿ" ಅಂದರು.

ದಿನಕ್ಕೊಂದು ಕಾರ್ಡ್ ಮಾಡಿದೆವು. ನಾನು ಎಂಟು ಗುರಿ ಬರೆದುಕೊಂಡು ಹೋಗಿದ್ದೆ, ಅವರು ಐದನ್ನು ಹೊಡೆದುಹಾಕಿದರು. "ಎಂಟು ಅವನಿಗೂ ನೆನಪಿರಲ್ಲ, ನನಗೂ ಇರಲ್ಲ." ಉಳಿದದ್ದು ಮೂರು: ಮೊದಲ ಐದು ಲೆಕ್ಕ ಮುಗಿಸಿದ, ಕೈ ಎತ್ತಿ ಮಾತಾಡಿದ, ಹೋಂವರ್ಕ್ ಡೈರಿಯಲ್ಲಿ ಬರೆದುಕೊಂಡ. ಪ್ರತಿ ಪಿರಿಯಡ್ ಮುಗಿದ ಮೇಲೆ ಅವನ ಎದುರಿಗೇ ಟಿಕ್. ಸಾಕಷ್ಟು ಟಿಕ್ ಬಂದ ದಿನ ಸಂಜೆ ಅಪ್ಪನ ಜೊತೆ ಅರ್ಧ ಗಂಟೆ ಸೈಕಲ್. ಬರದಿದ್ದರೆ ಸೈಕಲ್ ಇಲ್ಲ, ಬೈಗುಳವೂ ಇಲ್ಲ. ಶಾಲೆಯಲ್ಲಿ ಆದದ್ದಕ್ಕೆ ಮನೆಯಲ್ಲಿ ಎರಡನೇ ಶಿಕ್ಷೆ ಕೊಡಲೇಬೇಡಿ. ಮೊದಲ ವಾರ ಗುರಿ ಸುಲಭವಾಗಿರಲಿ, ಅವನು ಗೆಲ್ಲಬೇಕು. ಗೆದ್ದ ರುಚಿ ಗೊತ್ತಿಲ್ಲದ ಮಗುವಿಗೆ ಕಾರ್ಡ್ ಇನ್ನೊಂದು ದೂರಿನ ಪುಸ್ತಕ ಆಗಿಬಿಡುತ್ತದೆ.

ಔಷಧ ಮತ್ತೆ ಶುರುವಾಯಿತು, ಈ ಸಲ ಡಾಕ್ಟರ್ ಹೇಳಿದ ಹಾಗೆಯೇ. ಎರಡನೇ ವಾರ ಟೀಚರ್ ಒಂದು ಚೀಟಿ ಕಳಿಸಿದರು: "ಹನ್ನೊಂದೂವರೆವರೆಗೆ ಚೆನ್ನಾಗಿರುತ್ತಾನೆ. ಆಮೇಲೆ ಕೂರಲು ಆಗುತ್ತಿಲ್ಲ." ಅದನ್ನು ನೋಡಿ ಡಾಕ್ಟರ್ ಹೆಚ್ಚು ಹೊತ್ತು ಕೆಲಸ ಮಾಡುವ ಮಾತ್ರೆಗೆ ಬದಲಾಯಿಸಿದರು. ಆ ಹನ್ನೊಂದೂವರೆ ಮನೆಯಲ್ಲಿ ಕೂತ ನನಗೆ ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲ ಟೀಚರೂ ಹೀಗೆ ಸಿಗುತ್ತಾರೆ ಅಂತ ನಾನು ಹೇಳುವುದಿಲ್ಲ. ಆರನೇ ಕ್ಲಾಸಿನಲ್ಲಿ ಒಬ್ಬರು "ಇದೆಲ್ಲಾ ಮುದ್ದು ಜಾಸ್ತಿಯಾಗಿ ಬರೋದು" ಅಂದಿದ್ದರು. ಅವರ ಹತ್ತಿರ ವಾದಕ್ಕೆ ಇಳಿಯಲಿಲ್ಲ. ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ಇವೆರಡನ್ನೇ ಕೇಳಿದೆ. ಅಷ್ಟನ್ನು ಅವರೂ ಮಾಡಿದರು.

ಈ ವಾರವೇ ಹೋಗಿ. ಕಾಯಿಲೆ, ಮೆದುಳು ಅಂತ ಮೊದಲೇ ಶುರುಮಾಡಬೇಡಿ. "ಯಾವ ಪಿರಿಯಡ್ ಅವನಿಗೆ ತುಂಬಾ ಕಷ್ಟ ಆಗುತ್ತೆ?" ಅಂತ ಕೇಳಿ. ಪೆನ್ನು ಜೊತೆಗಿರಲಿ, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.